ಈರುಳ್ಳಿ ರಾಶಿಯ ಮುಂದೆ ನಿಂತಾಗ

ಕೇಳುಗರಿಗೆ ನಮಸ್ಕಾರ.

ಚಿತ್ರದುರ್ಗ ಸೀಮೆಯ ಒಂದು ಹೊಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಿತ್ತ ಈರುಳ್ಳಿ ಇನ್ನೂ ಹಸಿ ಇರುವಾಗಲೇ ಮೋಡ ಕಟ್ಟಿತು. ಗಾಬರಿಯಲ್ಲಿ ರಾಶಿ ಮಾಡಿ ತಾಡಪಾಲು ಹೊದಿಸಿದ್ದಾಯಿತು. ಮೂರು ದಿನ ಜಡಿಮಳೆ. ನಾಲ್ಕನೇ ದಿನ ತಾಡಪಾಲು ಸರಿಸಿದರೆ ಮುಖಕ್ಕೆ ಬಿಸಿ ಹಬೆ, ಕೊಳೆತ ವಾಸನೆ. ಗಡ್ಡೆ ಒತ್ತಿದರೆ ಬೆರಳು ಒಳಗೇ ಇಳಿಯುತ್ತದೆ.

ಪಕ್ಕದ ಹೊಲದವರಿಗೆ ಹೀಗಾಗಿದ್ದರೆ ಏನನ್ನುತ್ತೀರಿ? "ಹೊಟ್ಟೆ ಉರಿಯುತ್ತೆ ಕಣಣ್ಣ, ಯಾಕೆ ಉರಿಯಲ್ಲ. ಈ ಮಳೆಗೆ ನಿನ್ನೊಬ್ಬಂದೇ ಅಲ್ಲ, ಎಷ್ಟೋ ಜನರದ್ದು ಹೋಗೈತೆ. ಮೊದ್ಲು ಎರಡು ತುತ್ತು ಉಣ್ಣು, ಆಮೇಲೆ ಗಟ್ಟಿ ಗಡ್ಡೆ ಆರಿಸೋಣ." ಅದೇ ನಷ್ಟ ನಿಮಗೇ ಆದರೆ? "ಅಯೋಗ್ಯ ನಾನು, ಮನೆ ಮುಳುಗಿಸಿದೆ."

ಆ ಅಣ್ಣನಿಗೆ ಹೇಳಿದ ಮೂರು ಮಾತನ್ನೇ ನಮಗೂ ಹೇಳಿಕೊಳ್ಳುವುದು ಸ್ವ-ಕರುಣೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಮೂರು ಭಾಗವಾಗಿ ವಿವರಿಸಿದರು: ನೋವನ್ನು ಇದ್ದಷ್ಟೇ ಗುರುತಿಸುವುದು, ಇದು ಮನುಷ್ಯರಾದವರಿಗೆಲ್ಲ ಬರುವಂಥದ್ದೆಂದು ನೆನೆಯುವುದು, ತನ್ನೊಂದಿಗೆ ಮೃದುವಾಗಿ ನಡೆದುಕೊಳ್ಳುವುದು.

"ಬೈದುಕೊಳ್ಳದಿದ್ದರೆ ಸೋಮಾರಿಯಾಗುತ್ತೇನೆ" ಎನ್ನುವವರು ಬಹಳ. ಬೈಗುಳ ಒಳಗಿನಿಂದ ಬಂದರೂ ದೇಹ ಅದನ್ನು ಅಪಾಯವೆಂದೇ ತಿಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹಾರುತ್ತದೆ. ಹೆದರಿದ ಮನಸ್ಸು ತಪ್ಪನ್ನು ತಿದ್ದಲು ಹೋಗುವುದಿಲ್ಲ, ಅದರಿಂದ ಓಡುತ್ತದೆ: ಸಾಲದ ಲೆಕ್ಕದ ಪುಸ್ತಕ ತೆರೆಯುವುದಿಲ್ಲ, ಫೋನ್ ಎತ್ತುವುದಿಲ್ಲ, ಸಂತೆಗೂ ಹೋಗುವುದಿಲ್ಲ.

ಹಾಗಾಗಿ ಮೊದಲು ದೇಹವನ್ನು ಶಾಂತಗೊಳಿಸಿ. ಕೂತು, ಎರಡೂ ಪಾದ ನೆಲಕ್ಕೆ ಊರಿ. ನಾಲ್ಕು ಎಣಿಸುತ್ತಾ ಉಸಿರು ಒಳಕ್ಕೆ, ಆರು ಎಣಿಸುತ್ತಾ ಹೊರಕ್ಕೆ. ಹೀಗೆ ಆರು ಸಲ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವ ಉಸಿರು ಉದ್ದವಿರಬೇಕು. ಆಮೇಲೆ ಅಂಗೈಯನ್ನು ಎದೆಯ ಮೇಲಿಟ್ಟು, ಆ ಮೂರು ಮಾತನ್ನು ನಿಮ್ಮ ಮನೆಮಾತಿನಲ್ಲೇ ಹೇಳಿಕೊಳ್ಳಿ. ಪುಸ್ತಕದ ಭಾಷೆ ಇಲ್ಲಿ ನಾಟುವುದಿಲ್ಲ.

ಮುಂದಿನದು ಬರವಣಿಗೆ, ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಕೈಯಲ್ಲಿ ಇಲ್ಲದ್ದು: ಮಳೆ, ಮಾರುಕಟ್ಟೆಯ ದರ. ಬಲಕ್ಕೆ ಕೈಯಲ್ಲಿದ್ದದ್ದು: ಒಣಗಿಸದೆ ರಾಶಿ ಹಾಕಿದೆ, ತಾಡಪಾಲಿನಡಿ ಗಾಳಿಯಾಡಲು ಜಾಗ ಬಿಡಲಿಲ್ಲ. ಕರುಣೆ ಎಂದರೆ ತಪ್ಪು ಮುಚ್ಚಿಡುವುದಲ್ಲ. "ನಾನೇ ಸರಿಯಿಲ್ಲ" ಎಂಬ ಮಾತನ್ನು ತಿದ್ದಲು ದಾರಿಯಿಲ್ಲ. "ಒಣಗಿಸದೆ ರಾಶಿ ಹಾಕಿದೆ" ಎಂಬುದನ್ನು ಮುಂದಿನ ಸಲ ತಿದ್ದಬಹುದು. ಪಿಯುಸಿಯಲ್ಲಿ ಫೇಲಾದ ದಾವಣಗೆರೆಯ ಹುಡುಗಿಗೂ ಇದೇ ಹಾಳೆ ಸಾಕು. "ದಡ್ಡಿ" ಎಂದು ಬರೆಯದೆ, ಯಾವ ಅಧ್ಯಾಯ ಬಿಟ್ಟೆ ಎಂದು ಬರೆಯಲಿ.

ಇದು ಕೆಡುವುದು ಎಲ್ಲಿ? ದೊಡ್ಡ ಸಂಕಟ ಬಂದಾಗ ಮಾತ್ರ ನೆನಪು ಮಾಡಿಕೊಂಡರೆ ಕೈಗೆ ಹತ್ತುವುದಿಲ್ಲ. ಹಾಲು ಉಕ್ಕಿ ಚೆಲ್ಲಿದಾಗ, ಬಸ್ ತಪ್ಪಿದಾಗ ಒಂದೊಂದು ನಿಮಿಷ ರೂಢಿ ಮಾಡಿ. "ನಾನು ತುಂಬಾ ಒಳ್ಳೆಯವಳು" ಎಂಬಂಥ ಮಾತನ್ನು ಮನಸ್ಸು ನಂಬದಿದ್ದರೆ ಒತ್ತಾಯ ಬೇಡ. "ಇವತ್ತು ಕಷ್ಟವಾಗಿದೆ" ಎಂದರೂ ಸಾಕು. ಕೆಲವರಿಗೆ ಮೃದು ಮಾತು ಆಡಿಕೊಂಡೊಡನೆ ಹಳೆಯ ನೋವು ಉಕ್ಕಿ ಅಳು ಬರುತ್ತದೆ. ಆಗ ಕಣ್ಣು ತೆರೆದು, ಪಾದದಡಿಯ ನೆಲವನ್ನು ಗಮನಿಸಿ, ಅವತ್ತಿಗೆ ಅಲ್ಲಿಗೇ ನಿಲ್ಲಿಸಿ.

ಎರಡು ವಾರ ದಾಟಿದರೂ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ, ಹಸಿವು, ಕೆಲಸದ ಆಸಕ್ತಿ ಹೋಗಿದ್ದರೆ, ಈ ಅಭ್ಯಾಸವೊಂದೇ ಸಾಲದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಕರೆ ಮಾಡಿ. ಮನೆಯವರು ಅಂಥ ಯೋಚನೆ ಬಂದವರನ್ನು ಒಂಟಿಯಾಗಿ ಬಿಡದೆ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ.

ನಮಸ್ಕಾರ.