ಪತ್ತನಾಜೆಯವರೆಗಿನ ತಿರುಗಾಟ

ಕೇಳುಗರಿಗೆ ನಮಸ್ಕಾರ.

ದೀಪಾವಳಿಯ ಆಸುಪಾಸಿನಿಂದ ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ಹೊರಡುತ್ತವೆ. ಊರಿನಿಂದ ಊರಿಗೆ ಸಾಗಿ, ಮೇ 24ರ ಸುಮಾರಿಗೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಈ ಆರು ತಿಂಗಳ ಸಂಚಾರಕ್ಕೆ ತಿರುಗಾಟ ಎಂದು ಹೆಸರು. 22 ವರ್ಷ ಬ್ಯಾಂಕಿನಲ್ಲಿ ದುಡಿದು, ನಿವೃತ್ತಿಗೆ ಇನ್ನೂ 13 ವರ್ಷ ಇರುವಾಗಲೇ ರಾಜೀನಾಮೆ ಕೊಟ್ಟು, ದೇಶ ಸುತ್ತುತ್ತ ಚಿತ್ರ ಬರೆಯಲು ಹೊರಟ ನನಗೆ, ಮುಂದಿನ ಬದುಕನ್ನು ಹೇಗೆ ಕಟ್ಟಿಕೊಳ್ಳಬೇಕೆಂಬುದನ್ನು ತೋರಿಸಿಕೊಟ್ಟದ್ದು ಈ ತಿರುಗಾಟವೇ.

ಬ್ಯಾಂಕಿನ ಕೆಲಸ ಬಿಡುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅವಿಭಜಿತ ದಕ್ಷಿಣ ಕನ್ನಡದ ಮಣ್ಣಿನಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಮಕ್ಕಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದರೆ ಮನೆ ದಡ ಸೇರಿತೆಂದು ನಂಬಿದ ತಲೆಮಾರಿನವರು ನನ್ನ ತಾಯಿ. ಸುದ್ದಿ ಕೇಳಿದಾಗ ಅವರು, "ಅಲ್ಲಿ ಯಾರಾದರೂ ಏನಾದರೂ ಅಂದರಾ?" ಎಂದಷ್ಟೇ ವಿಚಾರಿಸಿದರು. ಯಾರೂ ಏನೂ ಅಂದಿರಲಿಲ್ಲ. ಅದನ್ನು ಅವರಿಗೆ ಅರ್ಥ ಮಾಡಿಸುವುದೇ ಕಷ್ಟವಾಯಿತು.

ಬಹಳ ಧೈರ್ಯ ಮಾಡಿದಿರಿ ಎಂದು ಅನೇಕರು ಹೇಳುತ್ತಾರೆ. ಧೈರ್ಯಕ್ಕಿಂತ ಅಭ್ಯಾಸ ನನ್ನನ್ನು ಕಾಪಾಡಿತು ಎಂಬುದು ನನ್ನ ಅನುಭವ. ಕೆಲಸ ಬಿಡುವ 7 ವರ್ಷ ಮೊದಲಿನಿಂದಲೇ ಬೆಳಗಿನ 5 ಗಂಟೆಗೆ ಎದ್ದು, ಹಾಲಿನವನು ಬರುವ ತನಕ ಚಿತ್ರ ಬರೆಯುವುದನ್ನು ರೂಢಿಸಿಕೊಂಡಿದ್ದೆ. ಮೇಳಕ್ಕೆ ಸೇರಿದ ಹುಡುಗನನ್ನು ಮೊದಲ ವರ್ಷವೇ ಅರ್ಜುನನ ವೇಷಕ್ಕೆ ನಿಲ್ಲಿಸುವುದಿಲ್ಲ. ಕಥೆ ಶುರುವಾಗುವ ಮೊದಲಿನ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಅವನ ಹೆಜ್ಜೆ ಪಳಗಬೇಕು. ಉದ್ಯೋಗದಲ್ಲಿರುವಾಗ ದಿನಕ್ಕೆ ಒಂದು ಗಂಟೆಯನ್ನು ತನ್ನ ಕಲೆಗೆ ಕೊಡಲಾಗದವನು, ಇಡೀ ದಿನ ಕೈಗೆ ಸಿಕ್ಕಿದಾಗ ಅದನ್ನು ಏನು ಮಾಡಬೇಕೆಂದು ತಿಳಿಯದೆ ಕಂಗಾಲಾಗುತ್ತಾನೆ. ಏಳು ವರ್ಷದ ರೂಢಿ ಇದ್ದ ನಾನೂ ಮೊದಲ ಎರಡು ತಿಂಗಳು ಪ್ರತಿ ಸೋಮವಾರ 10 ಗಂಟೆಗೆ ಏನೋ ತಪ್ಪು ಮಾಡಿದವನಂತೆ ಚಡಪಡಿಸಿದ್ದೇನೆ.

ಹಣದ ಮಾತನ್ನೂ ಮುಚ್ಚಿಡಬಾರದು. ಐದು ವರ್ಷ ಸತತ ಸೇವೆ ಸಲ್ಲಿಸಿ ಬಿಡುವವರಿಗೆ 1972ರ ಗ್ರಾಚ್ಯುಟಿ ಕಾಯ್ದೆಯು ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದ ಲೆಕ್ಕ ಹಾಕಿತ್ತು. ಆ ಮೊತ್ತವನ್ನು ನಾನು ಮುಟ್ಟದೆ ಇಟ್ಟೆ. ಮೂರು ವರ್ಷದ ಮನೆಖರ್ಚನ್ನು ಬೇರೆಯಾಗಿ ತೆಗೆದಿಟ್ಟೆ. ಆರೋಗ್ಯ ವಿಮೆಯನ್ನು ಮಾತ್ರ ಕೆಲಸದಲ್ಲಿರುವಾಗಲೇ ಸ್ವಂತ ಹೆಸರಿನಲ್ಲಿ ಮಾಡಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಕಚೇರಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಾದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಇದೆಲ್ಲದರ ಮೇಲೆ, ನನ್ನ ಹೆಂಡತಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಅವಳ ಸಂಬಳವೂ ಅವಳ ಒಂಟಿ ಸಂಜೆಗಳೂ ನನ್ನ ತಿರುಗಾಟದ ಲೆಕ್ಕದಲ್ಲಿ ಸೇರಿವೆ. ಅದನ್ನು ಹೇಳದೆ ಕನಸಿನ ಮಾತಾಡುವುದು ಸರಿಯಲ್ಲ.

ನನ್ನ ಕಳೆದ ತಿರುಗಾಟದಲ್ಲಿ ಅಸ್ಸಾಮಿನ ಮಾಜುಲಿಯಲ್ಲಿ ಆರು ವಾರ ಇದ್ದೆ. ಜೋರ್ಹಾಟ್ ಬಳಿಯ ನಿಮಾತಿ ಘಾಟಿನಿಂದ ದೋಣಿಯಲ್ಲಿ ಬ್ರಹ್ಮಪುತ್ರಾ ದಾಟಿದರೆ ಆ ದ್ವೀಪ. ಸಂತ ಶಂಕರದೇವರ ಪರಂಪರೆಯ ಸತ್ರಗಳು, ಅಂದರೆ ವೈಷ್ಣವ ಮಠಗಳು ಅಲ್ಲಿವೆ. ಅವುಗಳಲ್ಲಿ ಸಾಮಗುರಿ ಸತ್ರವು ಪೌರಾಣಿಕ ನಾಟಕಗಳ ಮುಖವಾಡಗಳಿಗೆ ಹೆಸರಾದದ್ದು. ಮೊದಲ ವಾರ ನಾನು ಬರೆದ ಚಿತ್ರಗಳು ಯಾವ ಪ್ರವಾಸಿಯೂ ಬರೆಯಬಹುದಾದವು: ಬಣ್ಣ ಹಚ್ಚಿ ಗೋಡೆಗೆ ತೂಗಿಸಿದ ರಾವಣ, ಜಟಾಯು. ಮೂರನೆಯ ವಾರದ ಹೊತ್ತಿಗೆ ಕಣ್ಣು ಮುಖವಾಡದಿಂದ ಕೈಗಳತ್ತ ಇಳಿಯಿತು. ಬಿದಿರನ್ನು ದಾರದಷ್ಟು ತೆಳುವಾಗಿ ಸೀಳಿ, ಆ ಸಲಾಕೆಗಳನ್ನು ಬುಟ್ಟಿಯಂತೆ ಹೆಣೆದು ತಲೆಯ ಆಕಾರ ಮಾಡುತ್ತಾರೆ. ಜೇಡಿಮಣ್ಣಿನ ಕೆಸರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಹೊದಿಸುತ್ತಾರೆ. ಅದು ಒಣಗಿದ ಮೇಲೆ ಮಣ್ಣು, ಸೆಗಣಿ ಕಲಸಿ ಹುಬ್ಬು, ಮೂಗು, ತುಟಿಗಳನ್ನು ಎಬ್ಬಿಸುತ್ತಾರೆ. ಒಬ್ಬ ಮುದುಕರು ಹುಬ್ಬಿನ ಮೇಲೆ ಹೆಬ್ಬೆರಳನ್ನು ಒತ್ತಿ, ತೆಗೆದು, ದೂರ ಹಿಡಿದು ನೋಡಿ, ಮತ್ತೆ ಅದೇ ಜಾಗದಲ್ಲಿ ಒತ್ತುತ್ತಿದ್ದರು. ನಮ್ಮ ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಡುವಾಗ ಕನ್ನಡಿಯಲ್ಲಿ ನೋಡುವ ನೋಟವೇ ಅದು. ಎರಡು ದಿನದ ಪ್ರವಾಸಿಯಾಗಿದ್ದರೆ ಈ ಹೋಲಿಕೆ ನನಗೆ ಕಾಣುತ್ತಿರಲಿಲ್ಲ.

ಒಂದೆಡೆ ನಿಂತು ಕೆಲಸ ಮಾಡಿದವರ ಗುರುತು ನಮ್ಮ ಮಂಗಳೂರಿನಲ್ಲೂ ಇದೆ. ಇಟಲಿಯ ಚಿತ್ರಕಾರ ಅಂಟೋನಿಯೊ ಮೊಸ್ಕೆನಿ, ನಡುವಯಸ್ಸಿನಲ್ಲಿ ಕ್ರೈಸ್ತ ಸನ್ಯಾಸಿಗಳ ಯೇಸು ಸಭೆ ಸೇರಿ, ಸಮುದ್ರ ದಾಟಿ ಬಂದು, 1899ರಿಂದ 1901ರವರೆಗೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ಮರಳಲಿಲ್ಲ. ಆ ಮಂದಿರದ ಬೆಂಚಿನಲ್ಲಿ ಕತ್ತೆತ್ತಿ ಕುಳಿತಾಗ, ಒಂದೇ ಮಾಡಿನ ಕೆಳಗೆ ಇಷ್ಟು ದೀರ್ಘಕಾಲ ನಿಂತ ಆ ತಾಳ್ಮೆ ನನಗೂ ಬರಲಿ ಎಂದು ಮನಸ್ಸು ಬೇಡುತ್ತದೆ.

ಪತ್ತನಾಜೆಯ ಹೊತ್ತಿಗೆ ನಾನು ಉಡುಪಿಗೆ ಮರಳುತ್ತೇನೆ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ 61 ದಿನ ಮಲ್ಪೆಯ ಯಾಂತ್ರಿಕ ದೋಣಿಗಳೂ ದಡದಲ್ಲೇ ಇರುತ್ತವೆ. ಬಲೆ ನೇಯುವ ಕಾಲ ಅದು. ನನಗೆ ತಿರುಗಾಟದ ಕರಡುಗಳನ್ನು ಚಿತ್ರವಾಗಿಸುವ ಕಾಲ. ಆದರೆ ಆಟಿ ತಿಂಗಳ ಮಳೆಯಲ್ಲಿ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಎಳೆದ ಗೆರೆಯಿಂದ ಶಾಯಿ ಬೇರಿನಂತೆ ಹರಡುತ್ತದೆ. ಅಮ್ಮ ಹಪ್ಪಳ ಹಾಕಿಡುತ್ತಿದ್ದ ತಗಡಿನ ಡಬ್ಬಿಯನ್ನು ಅವರೇ ಒರೆಸಿ ಕೊಟ್ಟಿದ್ದಾರೆ. ಕಾಗದಗಳು ಈಗ ಅದರಲ್ಲಿವೆ. ಮೇಜಿನ ಮೇಲೆ ಇರುವುದು ಆ ಹೆಬ್ಬೆರಳು ಮತ್ತು ಹುಬ್ಬಿನ ಚಿತ್ರ. ಹುಬ್ಬಿನ ಗೆರೆಗೆ ಇನ್ನೂ ಶಾಯಿ ಹಾಕಿಲ್ಲ, ಒಂದು ಒಣ ಬೆಳಗಿಗಾಗಿ ಕಾಯುತ್ತಿದ್ದೇನೆ.

ನಮಸ್ಕಾರ.