ಕುಂಬಾರನಿಗೆ ವರುಷ, ಪ್ರಿಂಟರ್‌ಗೆ ಎರಡೂವರೆ ಗಂಟೆ

ಈಗ ಕೇಳಿಸಿತಲ್ಲ, 'ಪಟ್' ಅಂತ ಒಂದು ಸದ್ದು? ಮಣ್ಣಿನೊಳಗೆ ಸಿಕ್ಕಿದ್ದ ಗಾಳಿಗುಳ್ಳೆ ಒಡೆದದ್ದು. ಎರಡೂವರೆ ಗಂಟೆಯಿಂದ ಮಣ್ಣಿನ ತ್ರೀಡಿ ಪ್ರಿಂಟರ್ ಎಳೆ ಮೇಲೆ ಎಳೆ ಇಟ್ಟು ಕಟ್ಟುತ್ತಿದ್ದ ಪಾತ್ರೆಯ ಗೋಡೆಯಲ್ಲಿ ಈಗ ಒಂದು ತೂತು. ಮೇಲಿನ ಎಳೆಗೆ ಕೆಳಗೆ ಆಸರೆ ಇಲ್ಲ. ನೋಡ್ತಾ ಇರಿ... ಹೋಯಿತು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ.

ತಪ್ಪು ಯಂತ್ರದ್ದಲ್ಲ, ನನ್ನದೇ. ಬೆಳಿಗ್ಗೆ ಮಣ್ಣು ನಾದಿ ಗಾಳಿ ಹೊರಹಾಕುವಾಗ ಅವಸರ ಮಾಡಿದ್ದೆ.

ನಾನು ಮಣ್ಣಿನಲ್ಲಿ ಶಿಲ್ಪ ಮಾಡುತ್ತೇನೆ, ಅದನ್ನೇ ಕಲಿಸುತ್ತೇನೆ. ಈ ಮೂಲೆಯಲ್ಲಿ ತಿಗರಿ, ಆ ಮೂಲೆಯಲ್ಲಿ ಮಣ್ಣಿನ ತ್ರೀಡಿ ಪ್ರಿಂಟರ್. ಬಂದವರೆಲ್ಲ ಪ್ರಿಂಟರ್ ಮುಂದೆ ನಿಂತು ಕೇಳುವುದು ಒಂದೇ ಮಾತು: 'ಹಾಗಾದ್ರೆ ಇನ್ನು ಕೈಕೆಲಸ ಬೇಡ ಅಲ್ವಾ?'

ಹತ್ತಿರ ಬನ್ನಿ, ತೋರಿಸುತ್ತೇನೆ. ಈ ಕೊಳವೆ ತುಂಬ ಮಣ್ಣು. ಮೇಲಿಂದ ಒತ್ತಡ ಬೀಳುತ್ತದೆ, ಕೆಳಗೆ 3 ಮಿಲಿಮೀಟರ್ ಬಾಯಿಂದ ಎಳೆ ಹೊರಗೆ ಬರುತ್ತದೆ. ಒಂದು ಸುತ್ತಿನ ಎತ್ತರ ಒಂದೂವರೆ ಮಿಲಿಮೀಟರ್. 20 ಸೆಂಟಿಮೀಟರ್ ಎತ್ತರಕ್ಕೆ 130ಕ್ಕೂ ಜಾಸ್ತಿ ಸುತ್ತು. ಇದನ್ನು ಎಲ್ಲೋ ನೋಡಿದ ಹಾಗಿದೆಯಾ? ಕೈಯಲ್ಲಿ ಮಣ್ಣಿನ ಬತ್ತಿ ಹೊಸೆದು, ಸುತ್ತಿ ಸುತ್ತಿ ಮಡಕೆ ಏರಿಸುವುದೂ ಹೀಗೇ. ತಿಗರಿ ಬರುವ ಎಷ್ಟೋ ಸಾವಿರ ವರ್ಷ ಮೊದಲೇ ಜಪಾನಿನ ಜೋಮೊನ್ ಜನ ಹೀಗೆ ಮಡಕೆ ಕಟ್ಟಿದ್ದರು. ಬೆಲ್ಜಿಯಂನ ಅನ್‌ಫೋಲ್ಡ್ ಅನ್ನುವ ಸ್ಟುಡಿಯೋ ತ್ರೀಡಿ ಪ್ರಿಂಟರ್‌ಗೆ ಮಣ್ಣು ತುಂಬಿಸಲು ಹೊರಟದ್ದು 2009ರಲ್ಲಿ. ಆಮೇಲೆ ಬ್ರಿಟನ್‌ನ ಕುಂಬಾರ ಜೊನಾಥನ್ ಕೀಪ್ ತಾನೇ ಒಂದು ಮಣ್ಣಿನ ಪ್ರಿಂಟರ್ ಮಾಡಿಕೊಂಡು, ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ಮಾಡಿಕೊಳ್ಳಿ ಅಂತ. ಕುಂಬಾರನ ಕೈಗೆ ಬಂದದ್ದಕ್ಕೇ ಈ ಯಂತ್ರದ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ.

ಯಂತ್ರ ಮಾಡುವುದೂ ಬತ್ತಿ ಸುತ್ತುವ ಕೆಲಸವೇ, ಅದಕ್ಕೇ ನನ್ನ ತರಗತಿಯಲ್ಲಿ ಮೊದಲ ವಾರ ಪ್ರಿಂಟರ್ ಮುಟ್ಟುವ ಹಾಗಿಲ್ಲ. ಬರೀ ಬತ್ತಿ ಹೊಸೆಯುವುದು. ಮುಖ ಗಂಟು ಹಾಕಿಕೊಂಡೇ ಹೊಸೆಯುತ್ತಾರೆ, ಪರವಾಗಿಲ್ಲ. ಗೋಡೆ ಎಷ್ಟು ಹೊರಗೆ ಬಾಗಿದರೆ ಕುಸಿಯುತ್ತದೆ ಅನ್ನುವುದು ಕಂಪ್ಯೂಟರ್ ಪರದೆ ಮೇಲೆ ಗೊತ್ತಾಗುವುದಿಲ್ಲ. ಅಲ್ಲಿ ಮಣ್ಣಿಗೆ ತೂಕವೇ ಇಲ್ಲ!

ಇನ್ನೊಂದು ಕಥೆ ಈ ಮುಚ್ಚಳದ್ದು. ಪಾತ್ರೆ ಕೈಯಲ್ಲಿ ಮಾಡಿ ಸುಟ್ಟಾಗಿತ್ತು. ಮುಚ್ಚಳ ಮಾತ್ರ ಪ್ರಿಂಟ್ ಆಗಬೇಕು. ನಾನು ಬಳಸುವ ಮಣ್ಣು ಒಣಗಿ, ಸುಟ್ಟು ಹೊರಬರುವಾಗ ಶೇಕಡಾ 12ರಷ್ಟು ಕುಗ್ಗುತ್ತದೆ. ಹಾಗಾದರೆ ಮುಚ್ಚಳದ ಅಳತೆ ಇರುವ ಕಂಪ್ಯೂಟರ್ ಫೈಲನ್ನು ಶೇಕಡಾ 12 ದೊಡ್ಡದು ಮಾಡಿದರೆ ಸಾಕು ಅಂದುಕೊಂಡ ಒಬ್ಬ ವಿದ್ಯಾರ್ಥಿ. ಲೆಕ್ಕ ಸರಿ ಅನ್ನಿಸುತ್ತದೆ ಅಲ್ವಾ? 100 ಮಿಲಿಮೀಟರ್ ಬೇಕು, 112 ಮಾಡಿದ. ಆದರೆ ಕುಗ್ಗುವುದು ಆ 112ರ ಮೇಲೆ. ಉಳಿದದ್ದು ತೊಂಬತ್ತೆಂಟೂವರೆ. ಮುಚ್ಚಳ ಒಳಗೆ ಬಿದ್ದೇ ಹೋಯಿತು. 100ನ್ನು 0.88ರಿಂದ ಭಾಗಿಸಬೇಕಿತ್ತು, ಹೆಚ್ಚುಕಡಿಮೆ 113.6. ಅದೂ ಮಣ್ಣಿನ ಹದ ಪ್ರತಿ ಸಲ ಒಂದೇ ಇದ್ದರೆ! ನೀರು ಸ್ವಲ್ಪ ಜಾಸ್ತಿಯಾದರೂ ಕುಗ್ಗುವುದು ಜಾಸ್ತಿ. ಆ ಮುಚ್ಚಳವನ್ನು ನಾನು ಎಸೆದಿಲ್ಲ. ಪ್ರತಿ ಹೊಸ ತಂಡಕ್ಕೂ ತೋರಿಸುತ್ತೇನೆ. ಅವನಿಗೆ ಸ್ವಲ್ಪ ನಾಚಿಕೆ, ಪಾಪ.

ಸರಿ, ಇವತ್ತಿನ ಕೆಲಸಕ್ಕೆ ಬರೋಣ. ಕುಸಿದದ್ದು ಹಸಿಯಾಗಿಯೇ ಇದೆ, ಸುಟ್ಟಿಲ್ಲ. ಎಲ್ಲವನ್ನೂ ಬಾಚಿ ಮಣೆ ಮೇಲೆ ಹಾಕಿದ್ದೇನೆ. ಫೈಲ್ ಅದೇ, ಕೊಳವೆ ಅದೇ. ಈ ಸಲ ನೂರು ಸಲ ನಾದುತ್ತೇನೆ. ಕ್ಯಾಮೆರಾ ಆಫ್ ಮಾಡುವುದಿಲ್ಲ, ನೀವೇ ಎಣಿಸಿ. ಒಂದು... ಎರಡು...