ಬೋರ್ ಆಗದ ಪುಸ್ತಕ ಕೊಡಿ ಮ್ಯಾಮ್: ಗ್ರಂಥಾಲಯ ಸಪ್ತಾಹದಲ್ಲಿ ಆಡಿದ ಮಾತು

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದೆಯಾ? ಸರಿ. ಇನ್ವಿಟೇಶನಲ್ಲಿ ನನ್ನ ವಿಷಯ "ಹದಿಹರೆಯದ ಹೆಣ್ಣುಮಕ್ಕಳು ಮತ್ತು ಸದಭಿರುಚಿಯ ಓದು" ಅಂತ ಹಾಕಿದಾರೆ. ಆ ಸದಭಿರುಚಿನ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮಾತಾಡ್ತೀನಿ, ಯಾಕಂದ್ರೆ ಪಿಯು ಕಾಲೇಜ್ ಲೈಬ್ರರಿ ಕೌಂಟರ್ ಹತ್ರ ಬಂದು ನಿಲ್ಲೋ ಹುಡುಗಿ ಸದಭಿರುಚಿ ಕೇಳ್ಕೊಂಡು ಬರಲ್ಲ, "ಮ್ಯಾಮ್ ಯಾವ್ದಾದ್ರೂ ಸ್ಟೋರಿ ಬುಕ್ ಕೊಡಿ, ಬೋರ್ ಆಗಬಾರದು" ಅಂತ ಬರ್ತಾಳೆ. ಅದೂ ಫ್ರೆಂಡ್ ಒಬ್ಳನ್ನ ಜೊತೆಗೆ ಕರ್ಕೊಂಡು, ಅರ್ಧ ನಾಚಿಕೆ ಪಟ್ಕೊಂಡು.

ಆ ಟೈಮಲ್ಲಿ ನಾವು ದೊಡ್ಡೋರು ಮಾಡೋದೇನು? ಕುವೆಂಪು ತೆಗೆದು ಕೈಗಿಡ್ತೀವಿ. 'ಮಲೆಗಳಲ್ಲಿ ಮದುಮಗಳು' ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ, ನನಗೂ ಪ್ರಾಣ. ಆದ್ರೆ ಇದುವರೆಗೂ ಫೋನಲ್ಲಿ ಎರಡೆರಡು ಪೇಜಿನ ಎಪಿಸೋಡ್ ಓದಿ ಅಭ್ಯಾಸ ಆಗಿರೋ ಹದಿನಾರು ವರ್ಷದ ಹುಡುಗಿಗೆ ಆ ದಪ್ಪ ಪುಸ್ತಕ ಕೊಟ್ರೆ ಅವಳು ಥ್ಯಾಂಕ್ಸ್ ಹೇಳಿ ತಗೊಂಡು ಹೋಗ್ತಾಳೆ, ಹದಿನೈದು ದಿನ ಆದ್ಮೇಲೆ ಫ್ರೆಂಡ್ ಕೈಲಿ ವಾಪಸ್ ಕಳಿಸ್ತಾಳೆ, ಆಮೇಲೆ ಅವಳು ಲೈಬ್ರರಿ ಕಡೆ ತಲೆ ಹಾಕಲ್ಲ. ಕುವೆಂಪು ಎಲ್ಲಿಗೂ ಹೋಗಲ್ಲ ಸ್ವಾಮಿ, ಇನ್ನೈದು ವರ್ಷ ಬಿಟ್ಟು ಅವಳೇ ಹುಡುಕ್ಕೊಂಡು ಹೋಗ್ತಾಳೆ, ಮೊದಲು ಓದೋ ಚಟ ಹತ್ತಲಿ.

ನಾನು ಕೇಳೋ ಪ್ರಶ್ನೆ ಒಂದೇ. "ಯಾವ ಲೇಖಕರು ಇಷ್ಟ" ಅಂತ ಕೇಳಲ್ಲ, ಅದಕ್ಕೆ ಉತ್ತರ ಇರಲ್ಲ ಪಾಪ, ಪರೀಕ್ಷೆ ತರ ಗಾಬರಿ ಆಗ್ತಾರೆ. "ಈಚೆಗೆ ಏನು ನೋಡಿದೆ, ಪ್ರತಿಲಿಪಿ, ವಾಟ್‌ಪ್ಯಾಡ್ ಅಂತ ಕತೆ ಓದೋ ಆ್ಯಪ್ ಅದೂ ಇದೂ ಇದ್ಯಲ್ಲ ಅದರಲ್ಲಿ ಏನು ಓದಿದೆ, ಅದರಲ್ಲಿ ಯಾವ ಸೀನ್ ಇಷ್ಟ ಆಯ್ತು" ಅಂತ ಕೇಳ್ತೀನಿ. ಆಗ ನೋಡಿ ಬಾಯಿ ಬಿಡ್ತಾರೆ. ಇಷ್ಟ ಇಲ್ದೆ ಮದುವೆ ಆಗಿ ಆಮೇಲೆ ಲವ್ ಆಗೋದು, ಅವಳು ಕೊನೇಲಿ ಅವನಿಗೆ ಸರಿಯಾಗಿ ಪಾಠ ಕಲಿಸೋದು, ಓದಿದ್ರೆ ಅಳು ಬರಬೇಕು, ಹೀಗೆ. ಇವಕ್ಕೆ ಈಗ ಟ್ರೋಪ್ ಅಂತಾರಂತೆ. ತಮಾಷೆ ಏನಂದ್ರೆ ಈ ಟ್ರೋಪ್ ಎಲ್ಲಾನೂ ನಮ್ಮ ಲೇಖಕಿಯರು ಐವತ್ತು ಅರವತ್ತು ವರ್ಷದ ಹಿಂದೇನೇ ಬರೆದು ಮುಗಿಸಿದಾರೆ, ನಮ್ಮ ಕೆಲಸ ಆ ಹುಡುಗಿ ಓದಿದ್ದಕ್ಕೆ ಹತ್ತಿರದ ಒಂದು ಪುಸ್ತಕ ಹುಡುಕಿ ಕೊಡೋದು ಅಷ್ಟೇ.

ಉದಾಹರಣೆಗೆ ಅರೇಂಜ್ಡ್ ಮ್ಯಾರೇಜ್ ಕತೆ ಬೇಕು ಅನ್ನೋಳಿಗೆ ವಾಣಿ ಅವರ 'ಎರಡು ಕನಸು'. ರಾಜ್‌ಕುಮಾರ್ ಸಿನಿಮಾ 1974ರಲ್ಲಿ ಬಂತು, ಹಾಡು ಎಲ್ರಿಗೂ ಗೊತ್ತು, ಅದಕ್ಕೆ ಮೂಲ ಒಂದು ಕಾದಂಬರಿ ಇದೆ ಅಂತ ಮಾತ್ರ ಈ ಹುಡುಗೀರಿಗೆ ಗೊತ್ತೇ ಇರಲ್ಲ. ಒಬ್ಬಳನ್ನ ಪ್ರೀತಿಸಿ, ಅದು ಕೈಗೂಡದೆ ಇನ್ನೊಬ್ಬಳನ್ನ ಮದುವೆ ಆಗೋ ಗಂಡ, ಅವನ ಮನಸ್ಸು ಎಲ್ಲೋ ಇದೆ ಅಂತ ಗೊತ್ತಿದ್ರೂ ಅದೇ ಮನೇಲಿ ಕಾಯೋ ಹೆಂಡತಿ. ಈಗಿನ ಹುಡುಗೀರು ಇದನ್ನ ಓದಿ ಬಂದು ನನ್ನ ಹತ್ರ ಜಗಳಕ್ಕೇ ನಿಲ್ತಾರೆ, ಅವಳು ಯಾಕೆ ಮ್ಯಾಮ್ ಅಷ್ಟು ಸಹಿಸ್ಕೊಂಡ್ಳು, ಬ್ಯಾಗ್ ತಗೊಂಡು ತವರಿಗೆ ಹೋಗೋಕೆ ಏನಾಗಿತ್ತು ಅಂತ. ನನಗೆ ಅದೇ ಬೇಕಾಗಿರೋದು. ಆ ಸಿಟ್ಟು ಬಂತು ಅಂದ್ರೆ ಅವಳು ಓದಿದಾಳೆ.

ಅಳಬೇಕು ಅನ್ನೋರಿಗೆ ಉಷಾ ನವರತ್ನರಾಂ ಅವರ 'ಬಂಧನ'. ವಿಷ್ಣುವರ್ಧನ್ ಸಿನಿಮಾ 1984ದು, ಟೀವಿಲಿ ಬಂದಾಗೆಲ್ಲ ಅಮ್ಮಂದ್ರು ಕಣ್ಣೊರೆಸಿಕೊಂಡೇ ನೋಡಿರ್ತಾರೆ, ಹಾಗಾಗಿ ಮನೇಲಿ ಮಾತಿಗೂ ಒಂದು ವಿಷಯ ಸಿಗತ್ತೆ. ಇದರ ಬಗ್ಗೆ ನಾನು ಜಾಸ್ತಿ ಹೇಳಲ್ಲ, ಕೈಗೆ ಕೊಟ್ರೆ ಸಾಕು, ಅದು ತಾನಾಗೇ ಓದಿಸ್ಕೊಂಡು ಹೋಗತ್ತೆ.

ನಾನು ಸ್ವಲ್ಪ ಹೊತ್ತು ನಿಲ್ಲೋದು ಮೂರನೇ ತರದ ಹುಡುಗಿ ಹತ್ರ, "ಅವಳು ಅವನಿಗೆ ಪಾಠ ಕಲಿಸ್ತಾಳೆ" ಅನ್ನೋಳು. ಇವಳಿಗೆ ತ್ರಿವೇಣಿ ಕೊಡಿ, ಕಣ್ಣು ಮುಚ್ಕೊಂಡು ಕೊಡಿ. ತ್ರಿವೇಣಿ ನಿಜವಾದ ಹೆಸರು ಅನಸೂಯಾ ಶಂಕರ್, ಹುಟ್ಟಿದ್ದು 1928, ಮೈಸೂರಲ್ಲಿ ಮನಃಶಾಸ್ತ್ರ ಓದಿದೋರು, 1963ರಲ್ಲಿ ತೀರಿಕೊಂಡಾಗ 35 ಕೂಡ ತುಂಬಿರಲಿಲ್ಲ, ಅಷ್ಟರಲ್ಲೇ ಸುಮಾರು ಇಪ್ಪತ್ತು ಕಾದಂಬರಿ ಬರೆದಿದ್ರು. ಅವರ 'ಬೆಳ್ಳಿಮೋಡ' ತಗೊಳ್ಳಿ. ಶ್ರೀಮಂತರ ಮನೆಯ ಒಬ್ಬಳೇ ಮಗಳು ಇಂದಿರಾ, ಮದುವೆ ನಿಶ್ಚಯ ಆಗಿರತ್ತೆ, ಹುಡುಗನ ಓದಿಗೂ ಇವರ ಅಪ್ಪಾನೇ ದುಡ್ಡು ಕೊಟ್ಟಿರ್ತಾರೆ, ಅಷ್ಟು ವರ್ಷ ಆದ್ಮೇಲೆ ಅವಳಿಗೊಬ್ಬ ತಮ್ಮ ಹುಟ್ತಾನೆ, ಆಸ್ತಿ ಇನ್ನು ಅವಳದಲ್ಲ ಅಂತ ಗೊತ್ತಾಗಿದ್ದೇ ತಡ ಹುಡುಗನ ಪ್ರೀತಿ ಇಳಿದು ಹೋಗತ್ತೆ. ಆಮೇಲೆ ಅವನು ಏಟು ಬಿದ್ದು ಮಲಗಿದಾಗ ಅವಳೇ ಆರೈಕೆ ಮಾಡ್ತಾಳೆ, ಅವನಿಗೆ ಬುದ್ಧಿ ಬರತ್ತೆ, ಮದುವೆ ಆಗೋಣ ಅಂತಾನೆ. ಆ ಕಾಲದ ಬೇರೆ ಯಾವ ಕತೆ ಆಗಿದ್ರೂ ಇಲ್ಲಿ ವಾಲಗ ಊದಿಸಿ ಮುಗಿಸ್ತಿದ್ರು. ತ್ರಿವೇಣಿಯ ಇಂದಿರಾ ಬೇಡ ಅಂತಾಳೆ. ಪುಟ್ಟಣ್ಣ ಕಣಗಾಲ್ ಇದನ್ನ 1967ರಲ್ಲಿ ಸಿನಿಮಾ ಮಾಡಿದಾಗಲೂ ಅದೇ ಕೊನೆ, ಕಲ್ಪನಾ ಆ ಪಾತ್ರ ಮಾಡಿದ್ದು.

ಇದಾದ್ಮೇಲೆ ಸುಧಾ ಮೂರ್ತಿ ಅವರ 'ಮಹಾಶ್ವೇತೆ' ಕೊಡ್ತೀನಿ. ಸುಮಾರು ಹುಡುಗೀರು ಇದನ್ನ ಇಂಗ್ಲಿಷಲ್ಲಿ ಓದಿರ್ತಾರೆ, ಕನ್ನಡದಲ್ಲಿ ಇದೆ ಅಂದ್ರೆ ಆಶ್ಚರ್ಯ ಪಡ್ತಾರೆ. ಮದುವೆಯಾದ ಹೊಸದರಲ್ಲಿ ಅನುಪಮಾಗೆ ತೊನ್ನು ಕಾಣಿಸ್ಕೊಳತ್ತೆ, ಅತ್ತೆ ತವರಿಗೆ ಕಳಿಸ್ತಾರೆ, ಡಾಕ್ಟರ್ ಆಗಿರೋ ಗಂಡಾನೇ ಸುಮ್ಮನಾಗಿಬಿಡ್ತಾನೆ. ಡಾಕ್ಟರ್ ಅನ್ನೋದನ್ನ ಗಮನಿಸಿ, ಅದೊಂದು ಅಂಟುರೋಗ ಅಲ್ಲ ಅಂತ ಅವನಿಗೆ ಗೊತ್ತಿಲ್ಲ ಅಂತ ಹೇಳೋ ಹಾಗೇ ಇಲ್ಲ. ಅವಳು ಮುಂಬೈಗೆ ಹೋಗಿ ತನ್ನ ಕಾಲ ಮೇಲೆ ನಿಲ್ತಾಳೆ, ಪಾಠ ಹೇಳ್ತಾಳೆ, ನಾಟಕ ಆಡಿಸ್ತಾಳೆ, ಗಂಡ ವಾಪಸ್ ಬಂದು ಕರೆದಾಗ ಇವಳೂ ಬೇಡ ಅಂತಾಳೆ. ಎರಡು ಪುಸ್ತಕದ ನಡುವೆ ಅಷ್ಟು ವರ್ಷ ಇದೆ, ಬರೆದೋರು ಬೇರೆ, ಊರು ಬೇರೆ, ಎರಡರಲ್ಲೂ ಕೊನೆ ಪುಟದಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದ ಗಂಡಸಿಗೆ ತಣ್ಣಗೆ ಇಲ್ಲ ಅಂತಾಳೆ. ಎರಡನ್ನೂ ಒಟ್ಟಿಗೆ ಓದಿದ ಹುಡುಗಿಗೆ ನಾವು ಸ್ತ್ರೀವಾದದ ಮೇಲೆ ಭಾಷಣ ಮಾಡೋ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ತ್ರಿವೇಣಿ ಒಬ್ಬರನ್ನ ಇಷ್ಟ ಪಟ್ರೆ 'ಶರಪಂಜರ' ತಾನಾಗೇ ಬರತ್ತೆ. ಹೆರಿಗೆ ಆದ್ಮೇಲೆ ಕಾವೇರಿಗೆ ಮನಸ್ಸು ಕೆಡತ್ತೆ, ಆಸ್ಪತ್ರೆಲಿ ವಾಸಿ ಆಗತ್ತೆ, ಆದ್ರೆ ಮನೆಗೆ ಬಂದ್ಮೇಲೆ ಅವಳು ಜೋರಾಗಿ ನಕ್ಕರೂ ಹುಚ್ಚು, ಸಿಟ್ಟು ಮಾಡಿದ್ರೂ ಹುಚ್ಚು. ಈಗ ನಾವು ಮೆಂಟಲ್ ಹೆಲ್ತ್, ಪೋಸ್ಟ್‌ಪಾರ್ಟಮ್ ಅಂತೆಲ್ಲ ಮಾತಾಡ್ತೀವಲ್ಲ, ಅದನ್ನ ಆ ಯಮ್ಮ 60ರ ದಶಕದ ಶುರುವಲ್ಲೇ ವಾರಪತ್ರಿಕೆ ಓದೋ ಹೆಂಗಸರಿಗೂ ಅರ್ಥ ಆಗೋ ಕನ್ನಡದಲ್ಲಿ ಬರೆದಿಟ್ಟು ಹೋದ್ರು. ಈ ಪುಸ್ತಕನ ಮಾತ್ರ ಸ್ವಲ್ಪ ನೋಡಿ ಕೊಡಿ, ಮನೇಲಿ ಆ ತರ ಕಷ್ಟ ನೋಡ್ತಿರೋ ಮಗು ಆದ್ರೆ ಓದಿ ಆದ್ಮೇಲೆ ಮಾತಾಡೋಕೆ ಯಾರಾದ್ರೂ ಇರಬೇಕು.

ಈ ಕಾದಂಬರಿಗಳಿಗೆಲ್ಲ ಹಿಂದೆ ಒಂದು ಹೆಸರಿಟ್ಟಿದ್ರು, ಅಡುಗೆಮನೆ ಸಾಹಿತ್ಯ ಅಂತ. ಸಾಯಿಸುತೆ, ಎಚ್.ಜಿ. ರಾಧಾದೇವಿ ತರದ ಕಾದಂಬರಿಕಾರ್ತಿಯರು ಅಂದ್ರೆ ಮೂಗು ಮುರಿಯೋರು ಈಗಲೂ ಇದಾರೆ, ಈ ಸಭೆಲೂ ಇರಬಹುದು, ನಗ್ತಿದೀರಲ್ಲ. ಆದ್ರೆ ಆ ಪುಸ್ತಕಗಳು ಯಾಕೆ ಹಾಗಿವೆ ಅಂತ ನೋಡಿ. ಎಷ್ಟೋ ಬಂದಿದ್ದು ಸುಧಾ, ತರಂಗದಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ, ಇಲ್ಲ ರಾಗಸಂಗಮದ ತರ ತಿಂಗಳಿಗೊಂದು ಕಾದಂಬರಿ ಕೊಡೋ ಪತ್ರಿಕೆಲಿ. ವಾರಕ್ಕೆ ನಾಕು ಪುಟ, ಪ್ರತಿ ವಾರದ ಕೊನೇಲೂ ಮುಂದೇನಾಯ್ತೋ ಅಂತ ನಿಲ್ಲಿಸಬೇಕು, ಹಿಂದಿನ ವಾರ ಮಿಸ್ ಮಾಡ್ಕೊಂಡೋಳಿಗೂ ಕತೆ ಹತ್ತಬೇಕು, ಹಾಗಾಗಿ ಮಾತುಕತೆ ಜಾಸ್ತಿ, ವರ್ಣನೆ ಕಮ್ಮಿ, ಪಾತ್ರ ಕಮ್ಮಿ. ಈಗ ಆ್ಯಪಲ್ಲಿ ಎಪಿಸೋಡ್ ಬರೆಯೋ ಹುಡುಗೀರೂ ಮಾಡ್ತಿರೋದು ಅದನ್ನೇ. ಅದಕ್ಕೇ ಹೇಳಿದ್ದು, ಫೋನಿಂದ ಸಾಯಿಸುತೆಗೆ ದಾಟೋದು ಸುಲಭ, ಒಂದೇ ತರದ ಓದು. ಆಮೇಲೆ ಸರ್ಕ್ಯುಲೇಟಿಂಗ್ ಲೈಬ್ರರಿ ಅಂತ ಬಡಾವಣೆಗೊಂದು ಇರ್ತಿತ್ತಲ್ಲ, ಬಾಡಿಗೆ ಕೊಟ್ಟು ತರೋದು, ಒಂದು ಪುಸ್ತಕ ತಂದ್ರೆ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆ ಆಂಟಿ ಎಲ್ಲ ಓದಿ ಮುಗಿಸಿ ವಾಪಸ್ ಕೊಡೋದು. ಈ ನಾಡಲ್ಲಿ ಹೆಂಗಸರಿಗೆ ಓದೋದು ಒಂದು ದಿನನಿತ್ಯದ ಅಭ್ಯಾಸ ಆಗಿದ್ದಕ್ಕೆ ಆ ಅಂಗಡಿಗಳದ್ದು ದೊಡ್ಡ ಪಾಲಿದೆ, ಅದನ್ನ ಯಾರೂ ಹೇಳಲ್ಲ.

ಹುಡುಗೀರಿಗೆ ಏನು ಓದಿಸಬೇಕು ಅನ್ನೋ ಚಿಂತೆನೂ ಹೊಸದೇನಲ್ಲ ಬಿಡಿ. ಬಾಲ್ಯದಲ್ಲೇ ವಿಧವೆ ಆದ ನಂಜನಗೂಡು ತಿರುಮಲಾಂಬ 1913ರ ಹೊತ್ತಿಗೇ 'ಸತೀಹಿತೈಷಿಣಿ' ಅಂತ ಗ್ರಂಥಮಾಲೆ ಶುರು ಮಾಡಿ, 'ಸುಶೀಲೆ' ಅಂತ ಕಾದಂಬರಿ ಬರೆದು ತಾವೇ ಪ್ರಕಟ ಮಾಡಿದ್ರು. ಆ ಹೆಸರು ನೋಡಿದ್ರೇ ಗೊತ್ತಾಗತ್ತೆ, ಅಲ್ಲಿ ಉಪದೇಶ ಜಾಸ್ತಿ. ಆದ್ರೂ ಒಬ್ಬ ಹೆಂಗಸು ಹೆಂಗಸರಿಗೋಸ್ಕರ ಕತೆ ಬರೆದು ಅಚ್ಚು ಹಾಕಿಸಿದ್ಳು.

ಈಗ ನಿಮಗೆ ಬೇಜಾರಾಗೋ ಮಾತು. ಈ ಲೈಟ್ ಕಾದಂಬರಿಗಳಲ್ಲಿ ಗಲೀಜೂ ಇದೆ. ಸಿಟ್ಟಲ್ಲಿ ಹೀರೋ ಕಪಾಳಕ್ಕೆ ಹೊಡೀತಾನೆ, ಅದು ಪ್ರೀತಿ ಅಂತೆ. ಓದಿದ, ಜಂಭದ ಹುಡುಗಿಗೆ ಗಂಡ ಬುದ್ಧಿ ಕಲಿಸಿ ಅಡುಗೆಮನೆಗೆ ಇಳಿಸ್ತಾನೆ, ಅದು ಸುಖಾಂತ. ನಾಯಕಿ ಅಂದ್ರೆ ಬೆಳ್ಳಗೆ, ಉದ್ದ ಜಡೆ, ಕಪ್ಪಗಿದ್ರೆ ಅವಳು ನಾಯಕಿಯ ಫ್ರೆಂಡ್. ಹಂಗಂತ ಹೊಸ ಆ್ಯಪ್ ಕತೆಗಳು ಸಾಚಾನಾ? ಅಲ್ಲಿ ಹೀರೋ ದೊಡ್ಡ ಕಂಪನಿ ಸಿಇಓ, ಅವಳ ಕೈ ಹಿಡಿದು ಎಳೀತಾನೆ, ಫೋನ್ ಚೆಕ್ ಮಾಡ್ತಾನೆ, ಯಾರ ಜೊತೆ ಮಾತಾಡಿದೆ ಅಂತ ಕೇಳ್ತಾನೆ, ಕೆಳಗೆ ಕಾಮೆಂಟಲ್ಲಿ ಎಲ್ಲ ಹಾರ್ಟ್ ಹಾಕಿರ್ತಾರೆ. ಇದನ್ನ ಬ್ಯಾನ್ ಮಾಡೋಕೆ ಹೋದ್ರೆ ಆಗಲ್ಲ, ರಾತ್ರಿ ಹೊದಿಕೆ ಒಳಗೆ ಓದ್ತಾರೆ, ನಾವೂ ಪಠ್ಯಪುಸ್ತಕದ ಒಳಗಿಟ್ಟು ಓದಿದೋರೇ ತಾನೇ. ನಾನು ಮಾಡೋದು ಏನಂದ್ರೆ ವಾಪಸ್ ಕೊಡೋಕೆ ಬಂದಾಗ ಸುಮ್ನೆ ಕೇಳ್ತೀನಿ, "ಆ ಹುಡುಗ ನಿನ್ನ ಅಕ್ಕಂಗೆ ಗಂಡ ಆಗಿ ಬಂದ್ರೆ ಒಪ್ತೀಯಾ?" ಒಂದು ಕ್ಷಣ ಯೋಚನೆ ಮಾಡ್ತಾರೆ, ಆಮೇಲೆ "ಛೀ, ಬೇಡಪ್ಪ" ಅಂತಾರೆ. ಕೆಲವರು ಒಪ್ತೀನಿ ಅಂತಲೂ ಅಂತಾರೆ, ಅವರ ಜೊತೆ ಇನ್ನೂ ಸ್ವಲ್ಪ ಮಾತು ಇರತ್ತೆ.

ಇನ್ನು ಅಮ್ಮಂದ್ರ ವಿಷಯ. ಲೈಟಾಗಿ ಇರೋದು ಕೊಡಿ, ದಿನವಿಡೀ ದುಡಿದು ತಲೆ ಕೆಟ್ಟಿರತ್ತೆ ಅಂತಾರಲ್ಲ, ಅವರನ್ನ ದಯವಿಟ್ಟು ಕೀಳಾಗಿ ನೋಡಬೇಡಿ. ಅಂಥೋರಿಗೆ ನಾನು ಎಂ.ಕೆ. ಇಂದಿರಾ ಕೊಡ್ತೀನಿ. ಮಲೆನಾಡಿನ ಮನೆ, ಮಳೆ, ಹಪ್ಪಳ ಸಂಡಿಗೆ, ಜಗಳ ಎಲ್ಲ ಇರತ್ತೆ, ಭಾಷೆ ನೀರು ಹರಿದ ಹಾಗೆ ಹರಿಯತ್ತೆ. ಮದುವೆ, ಮಕ್ಕಳು, ಸಂಸಾರ ಎಲ್ಲ ಆಗಿ ನಲವತ್ತೈದರ ಆಸುಪಾಸಲ್ಲಿ ಮೊದಲ ಕಾದಂಬರಿ 'ತುಂಗಭದ್ರಾ' ಬರೆದೋರು ಅವರು, ಈ ಒಂದು ವಿಷಯ ಹೇಳಿದ್ರೆ ಸಾಕು, ಎಷ್ಟೋ ಜನ ಅಮ್ಮಂದ್ರು ಪುಸ್ತಕ ತಗೊಂಡು ಹೋಗ್ತಾರೆ. ಅವರ 'ಫಣಿಯಮ್ಮ' ಚಿಕ್ಕ ಪುಸ್ತಕ, 1976ದು. ಬಾಲವಿಧವೆಯಾಗಿ 112 ವರ್ಷ ಬದುಕಿದ ಒಬ್ಬ ಅಜ್ಜಿಯ ಕತೆ, ಲೇಖಕಿಯ ನೆಂಟರ ಪೈಕಿನೇ ಆಕೆ. ಫಣಿಯಮ್ಮ ಎಲ್ಲೂ ಕೂಗಾಡಲ್ಲ, ಭಾಷಣ ಮಾಡಲ್ಲ, ಆದ್ರೆ ಮಡಿ ಮೈಲಿಗೆ ಎಲ್ಲ ಬದಿಗಿಟ್ಟು ಬೇರೆ ಜಾತಿ ಹೆಂಗಸಿಗೆ ಹೆರಿಗೆ ಮಾಡಿಸೋಕೆ ಹೋಗ್ತಾಳೆ, ಇನ್ನೊಂದು ಚಿಕ್ಕ ಹುಡುಗಿಯ ತಲೆ ಬೋಳಿಸೋಕೆ ಬಂದಾಗ ಆ ಹುಡುಗಿ ಪರ ನಿಲ್ತಾಳೆ. ಇದನ್ನ ಮಗಳೂ ಅಮ್ಮನೂ ಒಂದೇ ವಾರದಲ್ಲಿ ಓದಿ ಮುಗಿಸಬಹುದು.

ಅಲ್ಲಿಂದ ಮುಂದೆ ಹೋಗೋಕೆ ರೆಡಿ ಇರೋರಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ', ಕಾಸರಗೋಡಿನ ಕಡೆಯ ನಾದಿರಾ ಅನ್ನೋ ಹುಡುಗಿ ಕತೆ, ಕೊನೆ ತುಂಬಾ ಭಾರ, ಮೊದಲೇ ಹೇಳಿ ಕೊಡಿ. ಮತ್ತೆ ನೇಮಿಚಂದ್ರ ಅವರ 'ಯಾದ್ ವಶೇಮ್', ಹಿಟ್ಲರ್ ಕಾಲದಲ್ಲಿ ಜರ್ಮನಿಯಿಂದ ತಪ್ಪಿಸ್ಕೊಂಡು ಬೆಂಗಳೂರಿಗೆ ಬರೋ ಯೆಹೂದಿ ಹುಡುಗಿ, 2007ರ ಪುಸ್ತಕ. ಇದು ಲೈಟ್ ಅಲ್ಲವೇ ಅಲ್ಲ, ದಪ್ಪ ಬೇರೆ, ಆದ್ರೆ ಹಿಸ್ಟರಿ ಇಷ್ಟ ಇಲ್ಲ ಅಂತಿದ್ದ ಹುಡುಗೀರೇ ಇದನ್ನ ಎರಡು ಮೂರು ದಿನಕ್ಕೆ ಮುಗಿಸ್ಕೊಂಡು ಬಂದಿದಾರೆ, ಅವರಿಗೆ ಅದು ಕಳೆದುಹೋದ ಮನೆಯವರನ್ನ ಹುಡುಕೋ ಕತೆ.

ಇಲ್ಲಿ ಲೈಬ್ರರಿಯೋರು ತುಂಬಾ ಜನ ಇದೀರ, ನಿಮಗೆ ಕೆಲವು ಮಾತು. ಹಳೇ ಕಾದಂಬರಿ ಎಲ್ಲ ಈಗ ಅಂಗಡಿಲಿ ಸಿಗಲ್ಲ, ತ್ರಿವೇಣಿ, ಎಂ.ಕೆ. ಇಂದಿರಾ ಮರುಮುದ್ರಣ ಆಗ್ತಾನೇ ಇರತ್ತೆ, ಉಳಿದಿದ್ದಕ್ಕೆ ಬೆಂಗಳೂರಿನ ಅವೆನ್ಯೂ ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಹುಡುಕಬೇಕು, ಇಲ್ಲ ನಿಮ್ಮದೇ ಸ್ಟಾಕಲ್ಲಿ ಬೈಂಡ್ ಹಾಕಿ ಮೇಲಿನ ಅಟ್ಟಕ್ಕೆ ಏರಿಸಿರ್ತೀರ, ಅವನ್ನ ಕೆಳಗಿಳಿಸಿ. ಕಂದು ಬಣ್ಣದ ಕ್ಯಾಲಿಕೊ ಬೈಂಡಿನ ಪುಸ್ತಕನ ಯಾವ ಹುಡುಗೀನೂ ಮುಟ್ಟಲ್ಲ, ಒಂದು ಚೀಟಿಲಿ ಎರಡು ಸಾಲು ಕತೆ ಬರೆದು ಮೇಲೆ ಅಂಟಿಸಿ, "ಆಸ್ತಿ ಹೋಯ್ತು ಅಂತ ಬಿಟ್ಟು ಹೋದವನು ವಾಪಸ್ ಬಂದ್ರೆ?" ಅಂತ, ಬೆಳ್ಳಿಮೋಡ ವಾರದಲ್ಲಿ ಖಾಲಿ ಆಗತ್ತೆ. ಸಾಧ್ಯ ಆದ್ರೆ ಎರಡೆರಡು ಕಾಪಿ ಇಡಿ, ಇವರು ಒಬ್ಬೊಬ್ರೇ ಓದೋ ಪೈಕಿ ಅಲ್ಲ, ಬೆಂಚ್ ಮೇಟ್ ಜೊತೆ ಒಂದೇ ಸಲ ಓದಿ ಜಗಳ ಆಡ್ಬೇಕು. ಓದಿ ಮುಗಿಸಿದೋಳಿಗೆ ಬುಕ್ ರಿವ್ಯೂ ಬರ್ಕೊಂಡು ಬಾ ಅಂತ ಮಾತ್ರ ಹೇಳಬೇಡಿ, ಸಪ್ತಾಹ ಮುಗಿಯೋದ್ರೊಳಗೆ ಅವಳು ಓಡಿ ಹೋಗ್ತಾಳೆ. ಹುಡುಗ್ರೂ ಕೆಲವರು ಇದನ್ನೇ ಕೇಳ್ತಾರೆ, ಅಕ್ಕಂಗೆ ಅಂತ ಸುಳ್ಳು ಹೇಳಿ ತಗೊಂಡು ಹೋಗ್ತಾರೆ. ಕೊಡಿ, ಯಾವ ಅಕ್ಕ ಅಂತ ಕೇಳೋಕೆ ಹೋಗಬೇಡಿ.

ನನ್ನ ಟೈಮ್ ಆಯ್ತು ಅಂತ ಚೀಟಿ ಬಂದಿದೆ. ಪ್ರಶ್ನೆ ಇದ್ರೆ ಕೇಳಿ, "ಪಟ್ಟೀಲಿ ಕುವೆಂಪು ಯಾಕಿಲ್ಲ" ಅನ್ನೋದಕ್ಕೆ ಆಗ್ಲೇ ಉತ್ತರ ಕೊಟ್ಟಿದೀನಿ, ಬೇರೆ ಏನಾದ್ರೂ ಇದ್ರೆ ಕೇಳಿ.